ತಡವಾದ ಗಂಟೆಗಳನ್ನು ಹೊರುವವರು ಯಾರು?

ಮುಂಬೈ ಬಂದರಿಗೆ ಕ್ರೂಸ್ ಹಡಗು ಬಂದು, ಅದೇ ದಿನ ಮತ್ತೆ ಹೊರಡುತ್ತದಲ್ಲ, ಆ ದಿನಕ್ಕೆ ನಾವು ಟರ್ನ್‌ಅರೌಂಡ್ ಅನ್ನುತ್ತೇವೆ. ಬೆಳಿಗ್ಗೆ ಹಳೆಯ ಪ್ರಯಾಣಿಕರು ಇಳಿಯಬೇಕು. ಮಧ್ಯಾಹ್ನ ಹೊಸಬರು ಹತ್ತಬೇಕು. ನಡುವೆ ದಿನಸಿ, ಡೀಸೆಲ್, ನೀರು, ಕಸ, ರಜೆಗೆ ಹೋಗುವ ಸಿಬ್ಬಂದಿ, ರಜೆಯಿಂದ ಬರುವ ಸಿಬ್ಬಂದಿ, ಎಲ್ಲವೂ. ಗೋವಾಕ್ಕೆ ಹೋಗಿ ಬರುವ ಚಿಕ್ಕ ಪ್ರವಾಸಗಳಾದರೆ ವಾರದಲ್ಲಿ ಎರಡು ಸಲವೂ ಈ ದಿನ ಬರುತ್ತದೆ.

ನಾನು ಹೌಸ್‌ಕೀಪಿಂಗ್‌ನಲ್ಲಿ ಫ್ಲೋರ್ ಸೂಪರ್‌ವೈಸರ್. ಊರು ಅಂಕೋಲಾ, ಮನೆ ಡೊಂಬಿವಲಿ. ಈ ಕೆಲಸದಲ್ಲಿ ನನಗೆ ತುಂಬಾ ಮುಖ್ಯ ಅನಿಸಿದ ಒಂದು ವಿಷಯ ಹೇಳಬೇಕು. ಹಡಗು ತಡವಾದಾಗ ಕಳೆದುಹೋದ ಗಂಟೆಗಳು ಎಲ್ಲಿಯೂ ಮಾಯವಾಗುವುದಿಲ್ಲ. ಯಾರಾದರೂ ಅವನ್ನು ಹೊರಲೇಬೇಕು. ಯಾರೂ ಕೂತು ತೀರ್ಮಾನ ಮಾಡದಿದ್ದರೆ ಅವು ಸೀದಾ ರೂಮ್ ತಯಾರು ಮಾಡುವ ಕ್ಯಾಬಿನ್ ಅಟೆಂಡೆಂಟ್‌ಗಳ ತಲೆಗೆ ಬರುತ್ತವೆ.

ಯಾಕೆ ಅಂದರೆ, ಉಳಿದ ಯಾವುದನ್ನೂ ಕತ್ತರಿಸಲು ಆಗುವುದಿಲ್ಲ. ಹಳೆಯ ಪ್ರಯಾಣಿಕರಲ್ಲಿ ಕೊನೆಯವರು ಇಳಿದರು ಎಂದು ಗ್ಯಾಂಗ್‌ವೇಯ, ಅಂದರೆ ಹಡಗು ಹತ್ತಿ ಇಳಿಯುವ ಸೇತುವೆಯ, ಕಂಪ್ಯೂಟರ್ ತೋರಿಸುವವರೆಗೆ ಹೊಸಬರನ್ನು ಹತ್ತಿಸುವ ಹಾಗಿಲ್ಲ. ಇದಕ್ಕೆ ಜೀರೋ ಕೌಂಟ್ ಅನ್ನುತ್ತಾರೆ. ಆಮೇಲೆ ಮಸ್ಟರ್ ಡ್ರಿಲ್. ಅಪಾಯವಾದರೆ ಎಲ್ಲಿ ಸೇರಬೇಕು, ಲೈಫ್ ಜಾಕೆಟ್ ಹೇಗೆ ಹಾಕಬೇಕು ಎಂದು ತೋರಿಸುವುದು. ಹಿಂದೆಲ್ಲ ಪ್ರಯಾಣಿಕರು ಹತ್ತಿದ 24 ಗಂಟೆಯೊಳಗೆ ಇದನ್ನು ಮಾಡಿದರೆ ಸಾಕಿತ್ತು. 2012ರ ಜನವರಿ 13ರಂದು ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಕ್ರೂಸ್ ಹಡಗು ಬಂಡೆಗೆ ತಾಗಿ 32 ಜನ ಸತ್ತರು. ಅವತ್ತೇ ಹಡಗು ಹತ್ತಿದ್ದ ಎಷ್ಟೋ ಜನರಿಗೆ ಡ್ರಿಲ್ ಆಗಿರಲಿಲ್ಲ. 2015ರ ಜನವರಿಯಿಂದ ಸೋಲಾಸ್ ಎಂಬ ಹಡಗು ಸುರಕ್ಷತೆಯ ಅಂತಾರಾಷ್ಟ್ರೀಯ ನಿಯಮವೇ ಬದಲಾಯಿತು. ಈಗ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಡ್ರಿಲ್ ಆಗಲೇಬೇಕು. ಆಗಲೇಬೇಕಾದ್ದೇ, ಅದರಲ್ಲಿ ಎರಡು ಮಾತಿಲ್ಲ. ಇನ್ನು ಹೊರಡುವ ಸಮಯಕ್ಕೆ ಬಂದರಿನಲ್ಲಿ ದಾರಿ ತೋರಿಸುವ ಪೈಲಟ್, ಹಡಗನ್ನು ಎಳೆಯುವ ಟಗ್ ದೋಣಿ ಎಲ್ಲ ಮೊದಲೇ ನಿಗದಿಯಾಗಿರುತ್ತವೆ. ಅದನ್ನು ಮುಟ್ಟಲು ಯಾರಿಗೂ ಇಷ್ಟವಿಲ್ಲ. ಹೀಗಾಗಿ ಎಳೆದಂತೆ ಹಿಗ್ಗುವುದು, ಒತ್ತಿದಂತೆ ಕುಗ್ಗುವುದು ಒಂದೇ ಒಂದು: ರೂಮ್ ತಯಾರು ಮಾಡುವ ಸಮಯ.

ಡಿಸೆಂಬರ್ ಕೊನೆಯ ಒಂದು ದಿನ ಇದೆಲ್ಲ ಒಟ್ಟಿಗೆ ಬಂತು. ಬೆಳಿಗ್ಗೆ ಏಳಕ್ಕೆ ದಡಕ್ಕೆ ಕಟ್ಟಬೇಕಿದ್ದ ಹಡಗನ್ನು ಕಟ್ಟಿದ್ದು ಒಂಬತ್ತರ ಮೇಲೆ. ಮುಂದೆ ಬಂದರಿಗೆ ಬರುವ ದಾರಿಯಲ್ಲಿ ಇನ್ನೊಂದು ಹಡಗಿತ್ತು, ಪೈಲಟ್ ಹತ್ತುವುದೇ ತಡವಾಯಿತು. ಎಂಟಕ್ಕೆ ರೂಮ್ ಖಾಲಿ ಮಾಡಿ ಲೌಂಜ್‌ಗೆ ಬನ್ನಿ ಎಂದು ಹಿಂದಿನ ರಾತ್ರಿಯೇ ಎಲ್ಲರಿಗೂ ಚೀಟಿ ಕೊಟ್ಟಿದ್ದೆವು. ಹಡಗೇ ನಿಂತಿಲ್ಲ, ಈಗಲೇ ಯಾಕೆ ಹೊರಗೆ ಬರಬೇಕು ಎಂದು ಅರ್ಧ ಜನ ಒಳಗೇ ಉಳಿದರು. ಅವರದ್ದು ತಪ್ಪಲ್ಲ. ಆದರೆ ಅವರು ಒಳಗಿದ್ದಷ್ಟು ಹೊತ್ತು ನಮ್ಮ ಹುಡುಗರು ಕಾರಿಡಾರ್‌ನಲ್ಲಿ ಟ್ರಾಲಿ ಹಿಡಿದು ನಿಂತೇ ಇದ್ದರು.

ಹಡಗು ಕಟ್ಟಿದ ಮೇಲೆ ಒಬ್ಬ ಹಿರಿಯರಿಗೆ ಎದೆ ನೋವು. ಆಂಬುಲೆನ್ಸ್ ಬರುವವರೆಗೆ, ಸ್ಟ್ರೆಚರ್ ಇಳಿಯುವವರೆಗೆ ಗ್ಯಾಂಗ್‌ವೇ ಅವರಿಗೇ ಬಿಟ್ಟೆವು. ಅದಾದ ಮೇಲೆ ನೀರಿನ ಇಳಿತ. ಇದೇ ಬಂದರಿನ ಇಂದಿರಾ ಡಾಕ್‌ನ ಒಳಗಾದರೆ ಗೇಟ್ ಹಾಕಿ ನೀರಿನ ಮಟ್ಟ ಹಿಡಿದಿಡುತ್ತಾರೆ. ಹೊರಗೆ ಬ್ಯಾಲಾರ್ಡ್ ಪಿಯರ್ ಬದಿಯಲ್ಲಿ ಹಡಗು ಸಮುದ್ರದ ಜೊತೆಗೇ ಏರುತ್ತದೆ, ಇಳಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಮುಂಬೈಯಲ್ಲಿ ಭರತಕ್ಕೂ ಇಳಿತಕ್ಕೂ ನಾಲ್ಕು ಮೀಟರ್‌ವರೆಗೂ ವ್ಯತ್ಯಾಸ ಬರುವುದುಂಟು. ಗ್ಯಾಂಗ್‌ವೇಯ ಇಳಿಜಾರು ಬದಲಾಗುತ್ತದೆ. ವೀಲ್‌ಚೇರ್‌ನಲ್ಲಿ ಇರುವವರನ್ನು ಆ ಇಳಿಜಾರಿನಲ್ಲಿ ಇಳಿಸಲು ಆಗುವುದಿಲ್ಲ. ಗ್ಯಾಂಗ್‌ವೇಯನ್ನು ಬೇರೆ ಬಾಗಿಲಿಗೆ ಬದಲಾಯಿಸಿದರು. ಮತ್ತೆ ಸಾಲು ನಿಂತಿತು.

ಹನ್ನೊಂದೂವರೆ ಆಯಿತು, ಕಂಪ್ಯೂಟರ್ ಇನ್ನೂ ಇಬ್ಬರು ಒಳಗಿದ್ದಾರೆ ಅನ್ನುತ್ತಿತ್ತು. ಹೆಸರು ಹಿಡಿದು ಮೈಕ್‌ನಲ್ಲಿ ಕೂಗಿದರೂ ಸುದ್ದಿಯಿಲ್ಲ. ಹೆಸರು ನೋಡಿದರೆ ಧಾರವಾಡ ಕಡೆಯವರು ಅನಿಸಿತು. ನಾನೇ ಹುಡುಕಲು ಹೋದೆ. ಮೇಲಿನ ಡೆಕ್‌ನ ಊಟದ ಹಾಲ್‌ನ ಹಿಂದಿನ ಮೂಲೆಯಲ್ಲಿ ಗಂಡ ಹೆಂಡತಿ ಇಬ್ಬರೂ ಕೈಚೀಲ ಮಡಿಲಲ್ಲಿಟ್ಟು ಕೂತಿದ್ದರು.

"ಮಗ ಇಲ್ಲೇ ಕುಂದ್ರು ಅಂದಾನ ತಮ್ಮಾ. ಅಂವ ಬರೂತನಕ ಏಳಂಗಿಲ್ಲ" ಎಂದರು ಆ ಅಮ್ಮ.

ಮಗ ಬ್ಯಾಗ್ ನೋಡಿಕೊಂಡು ಬರುತ್ತೇನೆ ಎಂದು ಕೆಳಗೆ ಇಳಿದಿದ್ದ. ಕಾರ್ಡ್ ತೋರಿಸಿ ಒಮ್ಮೆ ಹೊರಗೆ ಹೋದರೆ ಮತ್ತೆ ಮೇಲೆ ಬಿಡುವುದಿಲ್ಲ. ಅದು ಅವನಿಗೆ ಗೊತ್ತಿರಲಿಲ್ಲ. ಅವನು ಟರ್ಮಿನಲ್‌ನಲ್ಲಿ ಒದ್ದಾಡುತ್ತಿದ್ದ, ಇವರು ಇಲ್ಲಿ ಮಗನ ಮಾತು ಉಳಿಸಿಕೊಂಡು ಕೂತಿದ್ದರು. "ಅಮ್ಮಾ, ನಿಮ್ಮ ಮಗ ಕೆಳಗೇ ನಿಂತಿದ್ದಾರೆ, ಅವರನ್ನು ಮೇಲೆ ಬಿಡೋದಿಲ್ಲ, ನಾನೇ ನಿಮ್ಮನ್ನ ಅವರ ಹತ್ತಿರ ಬಿಡ್ತೀನಿ" ಎಂದೆ. ಅಜ್ಜನ ಕೈ ಹಿಡಿದು ಮೆಲ್ಲಗೆ ಇಳಿಸಿದೆವು. ಎರಡು ಸಲ ಕೂತು ದಣಿವು ಆರಿಸಿಕೊಂಡರು. ಅವರನ್ನು ಅವಸರಪಡಿಸಬಾರದಿತ್ತು, ಅವಸರಪಡಿಸಲೂ ಇಲ್ಲ. ಜೀರೋ ಕೌಂಟ್ ಆದಾಗ ಹನ್ನೆರಡು ದಾಟಿತ್ತು.

ಹೊರಗೆ ಹೊಸ ಪ್ರಯಾಣಿಕರು ಆಗಲೇ ತುಂಬಿದ್ದರು. ಚೆಕ್‌ಇನ್ ಕೌಂಟರ್‌ನಲ್ಲಿರುವ ಕುಂದಾಪುರದ ಗೆಳೆಯ ಫೋನ್ ಮಾಡಿದ. "ಮಾರಾಯ, ಇಲ್ಲಿ ಚಿಕ್ಕ ಮಕ್ಕಳು, ವಯಸ್ಸಾದವರು ಎಲ್ಲ ಇದ್ರು. ರೂಮ್ ಎಷ್ಟೊತ್ತಿಗೆ ಅಂತ ಕೇಳ್ತ್ರು. ನಾನು ಎಂತ ಹೇಳುದು?"

ಒಳಗೆ ಹೊನ್ನಾವರದ ಹುಡುಗ ನನ್ನನ್ನು ಕೇಳಿದ್ದೂ ಅದನ್ನೇ. "ಅಣ್ಣಾ, ಎರಡು ತಾಸಿಗೆ ಹದಿನೆಂಟು ರೂಮು ಹೆಂಗ್ ಆಗ್ತದೆ?"

ಆಗುವುದಿಲ್ಲ. ಅದು ನೆಟ್ಟಗಿನ ಉತ್ತರ. ಒಂದು ಕ್ಯಾಬಿನ್ ಅಂದರೆ ಹಾಸಿಗೆ ಬಟ್ಟೆ ಬಿಚ್ಚಬೇಕು, ಬಾತ್‌ರೂಮ್ ತೊಳೆಯಬೇಕು, ವ್ಯಾಕ್ಯೂಮ್ ಹಾಕಬೇಕು, ಎರಡು ಸಿಂಗಲ್ ಕಾಟ್ ಇದ್ದರೆ ಜೋಡಿಸಬೇಕು, ಮೇಲಿನ ಬರ್ತ್ ಇಳಿಸಬೇಕು, ಸೇಫ್ ಖಾಲಿ ಇದೆಯಾ ನೋಡಬೇಕು, ಲೈಫ್ ಜಾಕೆಟ್ ಎಣಿಸಬೇಕು. ಮಕ್ಕಳು ಬರುವ ರೂಮ್ ಆದರೆ ಮಕ್ಕಳ ಅಳತೆಯ ಜಾಕೆಟ್ ಇದೆಯಾ ಎಂದೂ ನೋಡಬೇಕು. ಅವಸರದಲ್ಲಿ ಮೊದಲು ಬಿಟ್ಟುಹೋಗುವುದು ಇದೇ ಕೊನೆಯ ಎರಡು. ನೆಲದ ಮೇಲೆ ಕೂದಲು ಉಳಿದರೆ ಪ್ರಯಾಣಿಕರು ಕೂಡಲೇ ಫೋನ್ ಮಾಡುತ್ತಾರೆ. ಜಾಕೆಟ್ ಕಡಿಮೆ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಅವತ್ತು ನಮ್ಮ ಹೌಸ್‌ಕೀಪಿಂಗ್ ಮುಖ್ಯಸ್ಥೆ ಮಾಡಿದ ಕೆಲಸವನ್ನು ನಾನು ಎಲ್ಲ ಕಡೆ ಹೇಳುತ್ತೇನೆ. ಗೋವಾದವರು, ಜಾಸ್ತಿ ಮಾತಾಡುವವರಲ್ಲ. ಅವರು ಹಡಗಿನ ರೂಮ್, ಊಟ ಎಲ್ಲ ನೋಡಿಕೊಳ್ಳುವ ಹೋಟೆಲ್ ಡೈರೆಕ್ಟರ್ ಹತ್ತಿರ ಹೋಗಿ ಎರಡೇ ವಿಷಯ ಇಟ್ಟರು. ರೂಮ್ ಸಿಗುವ ಸಮಯವನ್ನು ಈಗಲೇ ಎರಡು ತಾಸು ಮುಂದೆ ಹಾಕಿ, ಅದನ್ನು ಟರ್ಮಿನಲ್‌ನಲ್ಲಿಯೇ ಜನರಿಗೆ ತಿಳಿಸಿ. ಹಡಗು ದಡದಲ್ಲಿ ಇರುವಾಗ ಕ್ಯಾಸಿನೊ ಮುಚ್ಚಿರುತ್ತದೆ, ಅಂಗಡಿಗಳೂ ಮುಚ್ಚಿರುತ್ತವೆ. ಅಲ್ಲಿ ಕೈ ಖಾಲಿ ಇರುವವರನ್ನು ನಮಗೆ ಕೊಡಿ.

ಎರಡಕ್ಕೂ ಒಪ್ಪಿಗೆ ಸಿಕ್ಕಿತು. ಕ್ಯಾಸಿನೊ ಟೇಬಲ್‌ನವರು, ಅಂಗಡಿಯವರು, ರಾತ್ರಿ ಶೋನಲ್ಲಿ ಕುಣಿಯುವ ಇಬ್ಬರು ಹುಡುಗಿಯರು ಬಂದು ಹಾಸಿಗೆ ಬಟ್ಟೆ ಬಿಚ್ಚಿ ಚೀಲಕ್ಕೆ ತುಂಬಿದರು. ಹೊಸದಾಗಿ ಹಾಸುವುದಕ್ಕೆ ಕೈ ಪಳಗಿರಬೇಕು, ಬಿಚ್ಚುವುದಕ್ಕೆ ಬೇಡ. ಅಷ್ಟೇ ಕೆಲಸ ನಮ್ಮ ಹುಡುಗರ ಕೈಯಿಂದ ಹೋಗಿದ್ದಕ್ಕೆ ಅವರ ಮುಖ ಸಡಿಲವಾಯಿತು. ಕುಂದಾಪುರದವನಿಗೆ ನಾನು ಡೆಕ್ ಪ್ರಕಾರ ಸಮಯ ಕೊಟ್ಟೆ. ಈ ಡೆಕ್ ಮೂರೂವರೆಗೆ, ಆ ಡೆಕ್ ನಾಲ್ಕೂವರೆಗೆ, ಅಲ್ಲಿಯವರೆಗೆ ಮೇಲೆ ಊಟ ಮಾಡಿ, ಕೈಚೀಲ ಇಡಲು ಲೌಂಜ್ ಇದೆ. ಬೇಸರ ಮಾಡಿಕೊಂಡವರು ಇದ್ದರು. ಆದರೆ ಹೇಳಿದ ಹೊತ್ತಿಗೆ ರೂಮ್ ಸಿಕ್ಕಿತು. ಡ್ರಿಲ್ ಪೂರ್ತಿ ಆಯಿತು. ಹಡಗು ಸ್ವಲ್ಪ ತಡವಾಗಿ ಹೊರಟಿತು.

ವಿಶ್ರಾಂತಿಯ ಲೆಕ್ಕ ಇನ್ನೂ ದೊಡ್ಡ ವಿಷಯ. ಹಡಗಿನ ಕೆಲಸಗಾರರಿಗಾಗಿ ಎಂಎಲ್‌ಸಿ ಎಂಬ ಅಂತಾರಾಷ್ಟ್ರೀಯ ಒಪ್ಪಂದ ಇದೆ. ಭಾರತ 2015ರಲ್ಲಿ ಅದನ್ನು ಅನುಮೋದಿಸಿತು. ವಿಶ್ರಾಂತಿಯ ಲೆಕ್ಕ ಹಿಡಿದರೆ ಯಾವುದೇ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, 7 ದಿನದಲ್ಲಿ 77 ಗಂಟೆ ಸಿಗಬೇಕು. 10 ಗಂಟೆಯನ್ನು ಎರಡಕ್ಕಿಂತ ಜಾಸ್ತಿ ತುಂಡು ಮಾಡುವ ಹಾಗಿಲ್ಲ, ಅದರಲ್ಲಿ ಒಂದು ತುಂಡು 6 ಗಂಟೆಗೆ ಕಡಿಮೆ ಇರಬಾರದು. ಹಿಂದಿನ ರಾತ್ರಿ ತಡವಾಗಿ ಬ್ಯಾಗ್ ಎತ್ತಿದವನು, ಬೆಳಿಗ್ಗೆ ಐದಕ್ಕೆ ಎದ್ದವನು, ಸಂಜೆ ಡ್ರಿಲ್‌ನಲ್ಲಿ ನಿಂತವನು, ರಾತ್ರಿ ಮತ್ತೆ ಟವೆಲ್ ಬದಲಾಯಿಸಬೇಕಾದವನು ಒಬ್ಬನೇ. ಇಂಥ ದಿನ ಅವನ ಲೆಕ್ಕ ತಪ್ಪುವುದು ಬಹಳ ಸುಲಭ. ಹಾಳೆಯಲ್ಲಿ ಸರಿ ಕಾಣುವಂತೆ ಬರೆದುಬಿಡಿ ಎಂಬ ಮಾತು ನಾನು ಬೇರೆ ಕಡೆ ಕೇಳಿದ್ದೇನೆ. ದಯವಿಟ್ಟು ಹಾಗೆ ಬರೆಯಬೇಡಿ. ಬೆಂಕಿ ಬಿದ್ದರೆ ಪ್ರಯಾಣಿಕರನ್ನು ದಾರಿ ತೋರಿಸಿ ಕರೆದೊಯ್ಯಬೇಕಾದವನು ಅದೇ ಹುಡುಗ. ಅವನು ನಿದ್ದೆ ಮಾಡಿರಬೇಕು. ಅವತ್ತು ರಾತ್ರಿಯ ಸರ್ವಿಸನ್ನು ಕೇಳಿದವರಿಗೆ ಮಾತ್ರ ಎಂದು ಇಳಿಸಿದೆವು, ಹುಡುಗರನ್ನು ಎರಡು ತಂಡ ಮಾಡಿ ಮೊದಲಿನವರನ್ನು ಎಂಟಕ್ಕೇ ಮಲಗಲು ಕಳಿಸಿದೆವು.

ಈಗ ನಮ್ಮಲ್ಲಿ ಬೇರೆ ವಿಭಾಗದವರ ಹೆಸರುಪಟ್ಟಿ ಹಿಂದಿನ ದಿನವೇ ತಯಾರಿರುತ್ತದೆ. ಹಡಗು ಒಂದು ತಾಸಿಗಿಂತ ಜಾಸ್ತಿ ತಡವಾದರೆ ಯಾರನ್ನೂ ಬೇಡಿಕೊಳ್ಳಬೇಕಿಲ್ಲ, ಅವರು ಬರುತ್ತಾರೆ. ಲಾಂಡ್ರಿಗೆ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ಎರಡು ರಾತ್ರಿಯ ಪ್ರವಾಸದಲ್ಲಿ ಬಿಚ್ಚಿದ ಬಟ್ಟೆ ಒಗೆದು, ಒಣಗಿಸಿ, ಮಡಚಿ ಮುಗಿಸುವಷ್ಟರಲ್ಲಿ ಮುಂದಿನ ರಾಶಿ ಬಂದು ಬೀಳುತ್ತದೆ. ಕೆಳಗಿನ ಡೆಕ್‌ನ ಆ ಬಿಸಿಯಲ್ಲಿ ಕೆಲಸ ಮಾಡುವವರ ಜಾಗಕ್ಕೆ ಕ್ಯಾಸಿನೊದವರನ್ನು ನಿಲ್ಲಿಸಲು ಬರುವುದಿಲ್ಲ, ಮಷಿನ್ ಗೊತ್ತಿರಬೇಕು. ಹಾಸಿಗೆ ಬಟ್ಟೆಯ ಇನ್ನೊಂದು ಸೆಟ್ ಕೊಡಿ, ಅಥವಾ ಮುಂಬೈಯಲ್ಲಿ ಒಂದು ಪಾಲನ್ನು ದಡಕ್ಕೆ ಒಗೆಯಲು ಕಳಿಸಿ ಎಂದು ನಾವು ಬರೆದು ಕೊಟ್ಟಿದ್ದೇವೆ. ಬೇರೆ ಹಡಗುಗಳಲ್ಲಿ ಇದನ್ನು ಹೇಗೆ ನಿಭಾಯಿಸುತ್ತೀರಿ ಎಂದು ಲಾಂಡ್ರಿಯಲ್ಲಿ ಇರುವವರು ತಿಳಿಸಿದರೆ ಆ ಅರ್ಜಿಯ ಜೊತೆ ಸೇರಿಸುತ್ತೇನೆ.