ಪೊಟ್ಸ್‌ಡಾಮರ್ ಪ್ಲಾಟ್ಸ್: ಮೊದಲು ನೆಲ, ಆಮೇಲೆ ಗೋಪುರ

ಬರ್ಲಿನ್ನಿಗೆ ಹೋಗುವ ನಮ್ಮವರಲ್ಲಿ ಅನೇಕರು ಪೊಟ್ಸ್‌ಡಾಮರ್ ಪ್ಲಾಟ್ಸ್ ಚೌಕಕ್ಕೆ ಒಂದು ಗಂಟೆಯನ್ನಷ್ಟೇ ಇಟ್ಟುಕೊಂಡು, ಸೋನಿ ಸೆಂಟರ್ ಕಟ್ಟಡ ಸಮೂಹದ ಡೇರೆಯಂತಹ ಚಾವಣಿಯ ಕೆಳಗೆ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಅಕ್ಟೋಬರ್‌ನಲ್ಲಿ ನಾವು ಅಲ್ಲಿ ಒಂದು ಮಧ್ಯಾಹ್ನ ಮತ್ತು ಸಂಜೆಯನ್ನು ಕಳೆದೆವು. ಅಷ್ಟು ಸಮಯವಾದರೂ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ತಲುಪುವುದು ಸುಲಭ. ಯು2 ಮೆಟ್ರೊ ಮತ್ತು ಎಸ್1, ಎಸ್2 ರೈಲುಗಳು ಚೌಕದ ಕೆಳಗೇ ನಿಲ್ಲುತ್ತವೆ. ನಗರದೊಳಗೆ ಓಡಾಡಲು ಎಬಿ ವಲಯದ ಟಿಕೆಟ್ ಸಾಕು. ವಿಮಾನ ನಿಲ್ದಾಣದಿಂದ ಬರುವವರು ಎಬಿಸಿ ಟಿಕೆಟ್ಟನ್ನೇ ಕೊಳ್ಳಬೇಕು. ಯಂತ್ರದಿಂದ ಪಡೆದ ಕಾಗದದ ಟಿಕೆಟ್ಟಿಗೆ ಪ್ರಯಾಣಕ್ಕೆ ಮುನ್ನ ಪ್ಲಾಟ್‌ಫಾರ್ಮಿನ ಪೆಟ್ಟಿಗೆಯಲ್ಲಿ ಮುದ್ರೆ ಒತ್ತಿಸದಿದ್ದರೆ ದಂಡ ತೆರಬೇಕಾಗುತ್ತದೆ.

ನಿಲ್ದಾಣದಿಂದ ಮೇಲೆ ಬಂದೊಡನೆ ಕಣ್ಣು ಗೋಪುರಗಳತ್ತ ಹೋಗುವುದು ಸಹಜವಾದರೂ ಮೊದಲು ನೆಲವನ್ನು ನೋಡಿ. ರಸ್ತೆಯನ್ನು ಹಾಯ್ದು ಹೋಗುವ ಎರಡು ಸಾಲು ಕಲ್ಲುಗಳು ನಗರವನ್ನು ಪೂರ್ವ, ಪಶ್ಚಿಮ ಎಂದು ಇಬ್ಭಾಗಿಸಿ 1961ರಲ್ಲಿ ಎದ್ದ ಬರ್ಲಿನ್ ಗೋಡೆಯ ಜಾಡು. 1920ರ ದಶಕದಲ್ಲಿ ಯುರೋಪಿನ ಅತ್ಯಂತ ಗಿಜಿಗುಟ್ಟುವ ವೃತ್ತಗಳಲ್ಲೊಂದಾಗಿದ್ದ ಈ ಜಾಗ, ಎರಡನೆಯ ಮಹಾಯುದ್ಧದ ಬಾಂಬುಗಳಿಂದ ನೆಲಸಮವಾಗಿ, ಆಮೇಲೆ ಗೋಡೆ ಎದ್ದದ್ದರಿಂದ ಸುಮಾರು ಮೂರು ದಶಕ ಬಯಲಾಗಿಯೇ ಉಳಿಯಿತು. ಆ ಬಯಲನ್ನು ಮನಸ್ಸಿನಲ್ಲಿಟ್ಟುಕೊಂಡವರಿಗೆ ಮಾತ್ರ ಈಗಿನ ಕಟ್ಟಡಗಳ ಧೈರ್ಯ ಅರ್ಥವಾಗುತ್ತದೆ. ಪಕ್ಕದಲ್ಲೇ ನಿಂತಿರುವ ಹಸಿರು ಗಡಿಯಾರ ಗೋಪುರವು 1924ರ ಸಂಚಾರ ದೀಪದ ಪ್ರತಿಕೃತಿ.

ಮರುನಿರ್ಮಾಣವಾದದ್ದು ತೊಂಬತ್ತರ ದಶಕದಲ್ಲಿ. ಅಂತರ್ಜಲ ತೀರ ಮೇಲಿದ್ದುದರಿಂದ ಮುಳುಗುಗಾರರು ನೀರಿನಡಿಯಲ್ಲೇ ತಳಪಾಯದ ಕಾಂಕ್ರೀಟ್ ಕೆಲಸ ಮಾಡಬೇಕಾಯಿತು. ದಕ್ಷಿಣ ಭಾಗದ ವಿನ್ಯಾಸ ಇಟಲಿಯ ರೆಂಜೊ ಪಿಯಾನೊ ಅವರದು. ಅಲ್ಲಿನ ಕೆಂಪು ಮಣ್ಣಿನ ಹೆಂಚಿನ ಹೊದಿಕೆಯನ್ನು ಹತ್ತಿರದಿಂದ ನೋಡಿ. ಆದರೆ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಹಾನ್ಸ್ ಕೊಲ್‌ಹಾಫ್ ಅವರ 103 ಮೀಟರ್ ಎತ್ತರದ ಇಟ್ಟಿಗೆ ಗೋಪುರ. ಸುತ್ತಲಿನ ಗಾಜಿನ ನಡುವೆ ಅದಕ್ಕೊಂದು ತೂಕವಿದೆ. ಅದರ ಲಿಫ್ಟ್ ಸುಮಾರು 20 ಸೆಕೆಂಡುಗಳಲ್ಲಿ 24ನೆಯ ಮಹಡಿಯ ವೀಕ್ಷಣಾ ತಾಣಕ್ಕೆ ಒಯ್ಯುತ್ತದೆ. ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮೊದಲು ಹತ್ತುವುದು ಉತ್ತಮ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುವುದರಿಂದ ಅಂದಿನ ವೇಳೆಯನ್ನು ಮುಂಚಿತವಾಗಿ ವಿಚಾರಿಸಿಕೊಳ್ಳಿ.

ಕತ್ತಲಾದ ಮೇಲೆ ಹೆಲ್ಮುಟ್ ಯಾನ್ ವಿನ್ಯಾಸದ, 2000ದಲ್ಲಿ ತೆರೆದ ಸೋನಿ ಸೆಂಟರಿಗೆ ಹೋಗಿ. ಚಾವಣಿಯ ದೀಪಗಳ ಬಣ್ಣ ಬದಲಾಗುವುದನ್ನು ನಡುವಿನ ಅಂಗಳದಿಂದ ನೋಡಬಹುದು. ನಕ್ಷೆಗಳಲ್ಲಿ ಅದಕ್ಕೆ ಈಗ ‘ಸೆಂಟರ್ ಆಮ್ ಪೊಟ್ಸ್‌ಡಾಮರ್ ಪ್ಲಾಟ್ಸ್’ ಎಂಬ ಹೆಸರೂ ಕಾಣಬಹುದು. ಅಲ್ಲಿ ಗಾಜಿನ ಹಿಂದೆ ಉಳಿಸಿಕೊಂಡಿರುವ ಹಳೆಯ ಎಸ್ಪ್ಲನೇಡ್ ಹೋಟೆಲಿನ ಭಾಗವನ್ನು ತಪ್ಪಿಸಬೇಡಿ. ಅದರ ಕೈಸರ್‌ಸಾಲ್ ಎಂಬ ಸಭಾಂಗಣವನ್ನು 1996ರಲ್ಲಿ ಇಡಿಯಾಗಿ 75 ಮೀಟರ್ ದೂರ ಸರಿಸಿ ಇಟ್ಟರು.

ದಿನ ಆರಿಸುವಾಗ ಎಚ್ಚರ ಬೇಕು. ಭಾನುವಾರ ಜರ್ಮನಿಯಲ್ಲಿ ಅಂಗಡಿಗಳು ಮುಚ್ಚಿರುವುದರಿಂದ ಚೌಕ ಬಿಕೋ ಎನ್ನುತ್ತದೆ. ಸೋಮವಾರ, ಹತ್ತು ನಿಮಿಷದ ನಡಿಗೆಯಲ್ಲಿರುವ, ಮೀಸ್ ವಾನ್ ಡೆರ್ ರೋ ವಿನ್ಯಾಸದ ನೊಯೆ ನ್ಯಾಷನಲ್‌ಗಲೆರಿ ಕಲಾಸಂಗ್ರಹಾಲಯಕ್ಕೆ ರಜೆ. ಸಸ್ಯಾಹಾರಿಗಳು ಚಿಂತಿಸಬೇಕಿಲ್ಲ, ಆದರೆ ಕುಡಿಯುವ ನೀರಿನ ಬಾಟಲಿಯನ್ನು ಜೊತೆಗೊಯ್ಯಿರಿ, ಹೋಟೆಲುಗಳಲ್ಲಿ ನೀರಿಗೂ ಹಣ ಕೊಡಬೇಕಾಗುತ್ತದೆ.

ಕೊನೆಗೆ ಉತ್ತರಕ್ಕೆ ನಡೆದರೆ ಬ್ರಾಂಡೆನ್‌ಬರ್ಗ್ ಬಾಗಿಲಿಗೆ ಮುನ್ನ 2,711 ಕಾಂಕ್ರೀಟ್ ಕಂಬಗಳ ಸ್ಮಾರಕ ಸಿಗುತ್ತದೆ. ಅದು ನಾಜಿಗಳು ಕೊಂದ ಯಹೂದಿಗಳ ನೆನಪಿನದು. ಅಲ್ಲಿ ನನಗೆ ನೆನಪಾದವರು ಆಟೊ ಕೊನಿಗ್ಸ್‌ಬರ್ಗರ್: ಬರ್ಲಿನ್ನಿನಲ್ಲಿ ಹುಟ್ಟಿ, ನಾಜಿ ಆಡಳಿತದಿಂದಾಗಿ ದೇಶ ಬಿಟ್ಟು, 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದವರು; ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳು ಅವರವೇ. ಈ ಸ್ಮಾರಕಕ್ಕೆ ಪ್ರವೇಶಶುಲ್ಕವಿಲ್ಲ, ರಾತ್ರಿಯೂ ತೆರೆದಿರುತ್ತದೆ.