ವೈರಿಂಗ್ ನಕ್ಷೆ: ಗಾರೆಗೆ ಮುಂಚಿನ ನಾಲ್ಕು ವಾರ

ಮೊದಲ ವಾರ

ಹೊಸ ಮನೆಯ ಗೋಡೆಗಳು ಎದ್ದಿವೆ, ಗಾರೆ ಇನ್ನೂ ಆಗಿಲ್ಲ. ಕೋಣೆಗೊಂದು ಫ್ಯಾನ್, ಎರಡು ದೀಪ, ಎರಡು ಪ್ಲಗ್ ಎಂಬ ಸಿದ್ಧ ಲೆಕ್ಕ ನನಗೆ ಒಪ್ಪಿಗೆಯಾಗಲಿಲ್ಲ. ಅದನ್ನು ಬದಿಗಿಟ್ಟು, ಈಗ ಇರುವ ಮನೆಯಲ್ಲಿ ಯಾರು ಯಾವ ಹೊತ್ತಿನಲ್ಲಿ ಏನನ್ನು ಬಳಸುತ್ತಾರೆಂದು ಏಳು ದಿನ ಬರೆದಿಟ್ಟೆ. ಎಕ್ಸ್‌ಟೆನ್ಷನ್ ಬೋರ್ಡ್ ಎಲ್ಲೆಲ್ಲಿಗೆ ಹೋಗುತ್ತದೆ ಎಂಬುದನ್ನೂ ಗುರುತು ಹಾಕಿಕೊಂಡೆ. ಅದು ಹೋದಲ್ಲೆಲ್ಲ ಒಂದು ಪ್ಲಗ್ ಇರಬೇಕಿತ್ತು. ಅಂಥ ಐದು ಜಾಗ ಸಿಕ್ಕವು.

ಎರಡನೆಯ ವಾರ

ಈ ವಾರವೆಲ್ಲ ಅಡುಗೆಮನೆಯದೇ ಲೆಕ್ಕ. ಬೆಳಗಿನ ಹೊತ್ತು ಇಂಡಕ್ಷನ್ ಒಲೆ 2000 ವ್ಯಾಟ್, ಮೈಕ್ರೊವೇವ್ 1200, ಮಿಕ್ಸಿ 750, ಮೂರೂ ಒಟ್ಟಿಗೆ ಓಡುತ್ತವೆ. ಕೂಡಿದರೆ 3950 ವ್ಯಾಟ್. 230 ವೋಲ್ಟ್‌ನಿಂದ ಭಾಗಿಸಿದರೆ ಹೆಚ್ಚುಕಡಿಮೆ 17 ಆಂಪಿಯರ್.

ಹೊರೆ ಹೆಚ್ಚಾದರೆ 16 ಆಂಪಿಯರ್‌ನ ಎಂಸಿಬಿ (ವಿದ್ಯುತ್ತನ್ನು ತಾನೇ ಕಡಿಯುವ ಸ್ವಿಚ್) ತಕ್ಷಣ ಬಿದ್ದು ಕಾಪಾಡುತ್ತದೆ ಎಂದೇ ನಾನು ನಂಬಿದ್ದೆ. ಹಾಗಲ್ಲ. ತನ್ನ ಮಿತಿಯ 1.13 ಪಟ್ಟು, ಅಂದರೆ 18 ಆಂಪಿಯರ್‌ವರೆಗಿನ ಹೊರೆಯನ್ನು ಅದು ಒಂದು ಗಂಟೆ ಕಾಲ ಬೀಳದೆ ತಡೆದುಕೊಳ್ಳುವಂತೆಯೇ ತಯಾರಾಗಿರುತ್ತದೆ. ನಮ್ಮ 17 ಆಂಪಿಯರ್ ಅದಕ್ಕೆ ಹೊರೆಯೆಂದೇ ಅನಿಸುವುದಿಲ್ಲ. ವೈರು ಮಾತ್ರ ಗೋಡೆಯೊಳಗೆ ದಿನವೂ ಬಿಸಿಯಾಗುತ್ತಿರುತ್ತದೆ. ವಿದ್ಯುತ್ ಪ್ರವಾಹ ಎರಡರಷ್ಟಾದರೆ ವೈರಿನ ಶಾಖ ನಾಲ್ಕರಷ್ಟಾಗುತ್ತದೆ; ಆದ್ದರಿಂದ ಹೊರೆಯನ್ನು ಹಂಚುವುದೇ ಸರಿ. ಒಲೆಗೆ 4 ಚದರ ಮಿಲಿಮೀಟರ್ ವೈರಿನ ಬೇರೆ ಸರ್ಕ್ಯೂಟ್ ಕೊಟ್ಟೆ. ಉಳಿದ ಎರಡಕ್ಕೆ 2.5ರ ವೈರು ಧಾರಾಳವಾಗಿ ಸಾಕು. ಗೀಸರ್‌ಗೂ ಏಸಿಗೂ ತಲಾ ಒಂದು ಸರ್ಕ್ಯೂಟ್, ದೀಪ ಮತ್ತು ಫ್ಯಾನ್‌ಗಳಿಗೆ 1.5ರ ವೈರು.

ಮೂರನೆಯ ವಾರ

ಸೀಮೆಸುಣ್ಣ ಹಿಡಿದು ಪ್ರತಿ ಸ್ವಿಚ್ ಬೋರ್ಡನ್ನೂ ಗೋಡೆಯ ಮೇಲೆ ಬರೆದೆ. ಬಾಗಿಲು ಯಾವ ಕಡೆ ತೆರೆದುಕೊಳ್ಳುತ್ತದೆಂದು ನಕ್ಷೆಯಲ್ಲಿ ನೋಡಿರಲಿಲ್ಲ. ಎರಡು ಬೋರ್ಡುಗಳು ಬಾಗಿಲ ಹಿಂದೆ ಮರೆಯಾಗುತ್ತಿದ್ದವು. ಅಮ್ಮನ ಮಂಚ ಬರುವ ಜಾಗದಲ್ಲಿ ಅವರನ್ನೇ ಕುರ್ಚಿ ಹಾಕಿ ಕೂರಿಸಿ, ಕೈ ಸಲೀಸಾಗಿ ಎಟಕುವ ಎತ್ತರಕ್ಕೆ ಗೆರೆ ಎಳೆದೆ. “ರಾತ್ರಿ ಎದ್ದರೆ ಬಚ್ಚಲಿನವರೆಗೂ ಬೆಳಕಿರಬೇಕಪ್ಪ, ಅಷ್ಟೇ ಸಾಕು” ಎಂದರು. ಈ ಮನೆಯಲ್ಲಿ ನಾನು ಹಾಕಿಸುವ ಎಲ್ಲ ಪಾಯಿಂಟುಗಳಲ್ಲಿ ಆ ದೀಪವನ್ನು ಎರಡು ಕಡೆಯಿಂದಲೂ ಹಾಕಿ ಆರಿಸುವ ಟು-ವೇ ಸ್ವಿಚ್ಚೇ ನನಗೆ ಮುಖ್ಯ.

ನಾಲ್ಕನೆಯ ವಾರ

ವೈರಿಂಗ್ ಮಾಡುವವರಿಗೆ ನಕ್ಷೆ ತೋರಿಸಿದೆ. ಅವರ ಬೆರಳು ನೇರವಾಗಿ ಮೆಟ್ಟಿಲ ದೀಪದ ಮೇಲೆ ಹೋಗಿ ನಿಂತಿತು. ಕೆಳಗಿನ ಮನೆಗೆ ಒಂದು, ಮಹಡಿಗೆ ಒಂದು ಎಂದು 30 ಮಿಲಿಆಂಪಿಯರ್‌ನ ಎರಡು ಆರ್‌ಸಿಸಿಬಿ ಇಟ್ಟಿದ್ದೇನೆ. ವಿದ್ಯುತ್ ಸೋರಿದರೆ ತಾನೇ ಕಡಿಯುವ ಸ್ವಿಚ್ ಇದು; ಒಂದು ಬಿದ್ದರೂ ಇಡೀ ಮನೆ ಕತ್ತಲಾಗಬಾರದು. ಆದರೆ ಮೆಟ್ಟಿಲ ದೀಪಕ್ಕೆ ಫೇಸನ್ನು (ವಿದ್ಯುತ್ ತರುವ ತಂತಿ) ಕೆಳಗಿನಿಂದಲೂ ನ್ಯೂಟ್ರಲನ್ನು (ಅದು ಮರಳುವ ತಂತಿ) ಮಹಡಿಯಿಂದಲೂ ಎಳೆದಿದ್ದೆ. ಹತ್ತಿರ ಇದ್ದದ್ದರಿಂದ ಹಾಗೆ ಜೋಡಿಸಿದ್ದೆ, ಅಷ್ಟೇ.

ಹೋದ ವಿದ್ಯುತ್ತು ಅದೇ ಆರ್‌ಸಿಸಿಬಿಯ ಮೂಲಕ ಮರಳದಿದ್ದರೆ ಅದು ಸೋರಿಕೆಯೆಂದೇ ತಿಳಿಯುತ್ತದೆ. 9 ವ್ಯಾಟ್‌ನ ಎಲ್‌ಇಡಿ ಬಲ್ಬ್ ಕೂಡ 39 ಮಿಲಿಆಂಪಿಯರ್ ಎಳೆಯುತ್ತದೆ. ಆ ಒಂದು ಬಲ್ಬ್ ಹೊತ್ತಿಸಿದರೆ ಸಾಕು, ಆರ್‌ಸಿಸಿಬಿ ಬೀಳುತ್ತಿತ್ತು. ಗಾರೆಯಾದ ಮೇಲೆ ಈ ದೋಷವನ್ನು ಹುಡುಕುವುದು ಎಷ್ಟು ಕಷ್ಟವಾಗುತ್ತಿತ್ತೆಂದು ನೆನೆದರೆ, ಅವರು ಬಿಡುವು ಮಾಡಿಕೊಂಡು ನೋಡಿದ ಆ ಅರ್ಧ ಗಂಟೆಗೆ ಎಷ್ಟು ಋಣಿಯಾಗಿದ್ದರೂ ಕಡಿಮೆ. ಈಗ ಎರಡೂ ತಂತಿ ಕೆಳಗಿನ ಸರ್ಕ್ಯೂಟ್‌ನಿಂದಲೇ ಬರುತ್ತವೆ. ಇನ್ವರ್ಟರ್ ಸಾಲಿನ ನ್ಯೂಟ್ರಲನ್ನೂ ಇದೇ ಕಾರಣಕ್ಕೆ ಬೇರೆ ಮಾಡಿದ್ದೇನೆ.

ನಾಡಿದ್ದು ಗೋಡೆ ಕೊರೆಯುವುದು ಶುರು. ಪೈಪ್ ಕೂರಿಸಿದ ಮೇಲೆ, ಗಾರೆ ಮೆತ್ತುವ ಮೊದಲು, ಪ್ರತಿ ಗೋಡೆಗೂ ಅಳತೆಪಟ್ಟಿ ಹಿಡಿದು ಫೋಟೊ ತೆಗೆದಿಡಬೇಕು. ಎರಡು ಕಡೆ ಖಾಲಿ ಪೈಪ್‌ಗಳನ್ನೂ ಹಾಕಿಸುತ್ತಿದ್ದೇನೆ: ಒಂದು ತಾರಸಿಗೆ, ಇನ್ನೊಂದು ವಾಹನ ನಿಲ್ಲಿಸುವ ಜಾಗಕ್ಕೆ.