ನಮ್ಮ ಮರಗೆಲಸದ ಕೋಣೆಗೆ ಕಟ್ಟರ್ ಯಾಕಿಲ್ಲ

ನಮ್ಮ ಹೈಸ್ಕೂಲಿನ ಮರಗೆಲಸದ ಕೋಣೆಯಲ್ಲಿ ನಾಲ್ಕು ಇಂಚಿನ ಕಟ್ಟರ್ ಇಲ್ಲ. ಬೇಕು ಅಂತ ಕೇಳುವವರು ಮಕ್ಕಳಲ್ಲ, ದೊಡ್ಡವರು. "ಅಕ್ಕೋರೇ, ಅದೊಂದು ಇದ್ದಿದ್ರೆ ಎಲ್ಲಾ ಬೇಗ ಆಗ್ತಿತ್ತಲ್ಲ" ಅನ್ನುತ್ತಾರೆ. ಬೇಗ ಆಗುತ್ತದೆ, ಸುಳ್ಳಲ್ಲ. ಶಿರಸಿಯಲ್ಲಿ ಯಾವ ಫರ್ನಿಚರ್ ಕೆಲಸದ ಶೆಡ್ಡಿಗೆ ಹೋದರೂ ಅದರದ್ದೇ ಕಿರುಚಾಟ. ಆದರೆ ಅದು ಕಲ್ಲು, ಟೈಲ್ಸ್ ಕೊಯ್ಯಲಿಕ್ಕೆ ಅಂತ ಬಂದ ಮಷಿನ್. ಹಲ್ಲಿನ ಬ್ಲೇಡ್ ಹಾಕಿ ಮರ ಕೊಯ್ಯುವುದು ನಮ್ಮ ಕಡೆಯ ರೂಢಿ. ನಿಮಿಷಕ್ಕೆ 12,000 ಸುತ್ತಿನ ಆಸುಪಾಸು ತಿರುಗುತ್ತದೆ. ಕಲ್ಲಿನ ಬ್ಲೇಡ್ ಉಜ್ಜುತ್ತದೆ, ಹಲ್ಲಿನ ಬ್ಲೇಡ್ ಕಚ್ಚುತ್ತದೆ. ಗಂಟಿಗೆ ಸಿಕ್ಕಿತೋ, ಕೊಯ್ದ ಸಂದು ಮುಚ್ಚಿಕೊಂಡು ಬ್ಲೇಡನ್ನು ಹಿಡಿಯಿತೋ, ಇಡೀ ಮಷಿನ್ ಹಿಡಿದವರ ಕಡೆಗೇ ಹಾರುತ್ತದೆ. ಕಬ್ಬಿಣ ಉಜ್ಜುವ ಗ್ರೈಂಡರಿನ ಗಾರ್ಡ್, ಅಂದ್ರೆ ಬ್ಲೇಡಿನ ಮರೆ, ಬಿಚ್ಚಿ ಮರದ ಬ್ಲೇಡ್ ಹಾಕುವುದಂತೂ ಇನ್ನೂ ಕೆಟ್ಟದ್ದು. ಹಾಗೆ ಮಾಡಬೇಡಿ ಅಂತ ಗ್ರೈಂಡರ್ ಜೊತೆ ಬರುವ ಪುಸ್ತಕದಲ್ಲೇ ಬರೆದಿರುತ್ತದೆ. ಅದನ್ನು ಯಾರು ಓದುತ್ತಾರೆ ಬಿಡಿ.

ನನ್ನ ಲೆಕ್ಕದಲ್ಲಿ, ಮಕ್ಕಳ ಕೈಬೆರಳು ಉಳಿಯುವುದು ಅರ್ಧಕ್ಕಿಂತ ಜಾಸ್ತಿ ಅವರು ಕೋಣೆಗೆ ಬರುವ ಮೊದಲೇ ತೀರ್ಮಾನ ಆಗಿರುತ್ತದೆ. ಯಾವ ಮಷಿನ್ ಒಳಗೆ, ಯಾವುದು ಹೊರಗೆ? ಮರವನ್ನು ಏನು ಹಿಡಿದಿದೆ? ಅವಸರ ಯಾರದು? ಸುಮ್ನೆ 'ಹುಷಾರು, ಹುಷಾರು' ಅಂತ ಕೂಗಿದರೆ ಏನೂ ಆಗುವುದಿಲ್ಲ. ಹುಷಾರು ಅಂದ್ರೆ ಏನು ಮಾಡಬೇಕು ಅನ್ನುವುದು ಮಗುವಿಗೆ ಗೊತ್ತಿರಬೇಕಲ್ವಾ?

ಹಾಗಾಗಿ 8ನೇ ಕ್ಲಾಸಿಗೆ ಕರೆಂಟಿನದ್ದು ಏನೂ ಇಲ್ಲ. ಗರಗಸ, ಉಳಿ, ಕೊಡತಿ, ರಂದಾ ಅಷ್ಟೇ. ಮರದ ಎಳೆ ಯಾವ ಕಡೆ ಓಡುತ್ತದೆ, ಗಂಟು ಎಲ್ಲಿ ಅಡ್ಡ ಬರುತ್ತದೆ ಅನ್ನುವುದು ಕೈಗೆ ಗೊತ್ತಾಗಲಿಕ್ಕೆ ಒಂದು ವರ್ಷ ಬೇಕು. 9ಕ್ಕೆ ಬ್ಯಾಟರಿ ಡ್ರಿಲ್ ಮತ್ತು ಮರ ಉಜ್ಜಿ ನುಣುಪು ಮಾಡುವ ಸ್ಯಾಂಡರ್. 10ಕ್ಕೆ ವೈರಿನ ಡ್ರಿಲ್ ಮತ್ತು ಸಣ್ಣ ಬ್ಲೇಡ್ ಮೇಲೆ ಕೆಳಗೆ ಆಡಿ ಕೊಯ್ಯುವ ಜಿಗ್‌ಸಾ. ಜಿಗ್‌ಸಾದಲ್ಲಿ ನೆನಪಿಡಬೇಕಾದ್ದು ಒಂದೇ: ಬ್ಲೇಡ್ ಹಲಗೆಯ ಅಡಿಗೂ ಇದೆ, ಅದು ಕಣ್ಣಿಗೆ ಕಾಣುವುದಿಲ್ಲ. ಎರಡೂ ಕೈ ಯಾವಾಗಲೂ ಹಲಗೆಯ ಮೇಲುಗಡೆ.

ಡ್ರಿಲ್ ಕೈಗೆ ಕೊಡುವ ಮೊದಲ ದಿನ ಒಂದು ಆಟ ತೋರಿಸುತ್ತೇನೆ. ತೆಂಗಿನ ಕರಟಕ್ಕೆ ಸುಣ್ಣದಲ್ಲಿ ಕಣ್ಣು ಮೂಗು ಬರೆದು, ತೆಂಗಿನ ನಾರಿನಿಂದ ಉದ್ದ ಜಡೆ ಹೆಣೆದು ಅಂಟಿಸಿಟ್ಟಿದ್ದೇನೆ. ಮಕ್ಕಳು ಅವಳಿಗೆ ಸುಬ್ಬಿ ಅಂತ ಹೆಸರಿಟ್ಟಿದ್ದಾರೆ. ಎಲ್ಲರೂ ಕನ್ನಡಕ ಹಾಕಿಕೊಂಡು ದೂರ ನಿಲ್ಲುತ್ತಾರೆ. ಸುಬ್ಬಿ ಬೆಂಚಿನ ಮೇಲೆ, ಜಡೆ ಕೆಳಗೆ ಜೋತಾಡುತ್ತಿರುತ್ತದೆ. ನಾನು ಡ್ರಿಲ್ಲನ್ನು ತೀರಾ ನಿಧಾನಕ್ಕೆ ತಿರುಗಿಸುತ್ತಾ ಜಡೆಯ ಹತ್ತಿರ ತರುತ್ತೇನೆ. ಮೊದಲು ಒಂದೇ ಒಂದು ಎಳೆ, ಕೊರೆಯುವ ಬಿಟ್ಟನ್ನು ಹಿಡಿದಿರುವ ಚಕ್‌ಗೆ ಅಂಟುತ್ತದೆ. ಆಮೇಲೆ ಏನಾಯಿತು ಅಂತ ಯಾರಿಗೂ ಕಾಣುವುದಿಲ್ಲ. ಟಪ್ ಅಂತ ಸದ್ದು, ಕರಟ ಬಂದು ಚಕ್‌ಗೆ ಬಡಿದುಕೊಂಡಿರುತ್ತದೆ. ನಾನು ಬೆರಳು ತೆಗೆದಿದ್ದರೂ ಅಷ್ಟು ಹೊತ್ತಿಗೆ ಜಡೆ ಪೂರ್ತಿ ಸುತ್ತಿಕೊಂಡಿರುತ್ತದೆ. ಮೊದಲು ನಗು, ಆಮೇಲೆ ಹುಡುಗಿಯರು ಒಬ್ಬೊಬ್ಬರಾಗಿ ಜಡೆ ಎತ್ತಿ ತುರುಬು ಕಟ್ಟಿಕೊಳ್ಳುತ್ತಾರೆ. ನಾನು ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ.

ಅವತ್ತೇ ವೇಲ್, ಕುತ್ತಿಗೆಯ ಐಡಿ ಕಾರ್ಡ್, ಬಳೆ, ವಾಚ್ ಎಲ್ಲಾ ಕಿಟಕಿಯ ಬುಟ್ಟಿಗೆ ಹೋಗುತ್ತವೆ. ಕೈಗೆ ಕಟ್ಟಿದ ದಾರದ್ದು ಸ್ವಲ್ಪ ಸೂಕ್ಷ್ಮ. ಮಾರಿಕಾಂಬೆ ಗುಡಿಯಲ್ಲಿ ಕಟ್ಟಿಸಿಕೊಂಡು ಬಂದದ್ದನ್ನು ಬಿಚ್ಚು ಅಂತ ನಾನು ಹೇಗೆ ಹೇಳಲಿ? ಬಿಚ್ಚುವುದು ಬೇಡ, ಗಂಟಿನ ಬಾಲ ಒಳಗೆ ಮಡಚಿ, ಮೇಲೆ ಪೇಪರ್ ಟೇಪ್ ಬಿಗಿಯಾಗಿ ಸುತ್ತುತ್ತೇವೆ. ಇದಕ್ಕೆ ಇವತ್ತಿನವರೆಗೆ ಯಾವ ತಾಯಿಯೂ ತಕರಾರು ಮಾಡಿಲ್ಲ.

ನೋಡಲಿಕ್ಕೆ ಬಂದವರು ತಪ್ಪದೆ ಕೇಳುವ ಪ್ರಶ್ನೆ: "ಮಕ್ಕಳಿಗೆ ಗ್ಲೌಸ್ ಇಲ್ವಾ?" ಇಲ್ಲ. ತಿರುಗುವ ಮಷಿನ್ ಮುಂದೆ ಗ್ಲೌಸ್ ಹಾಕಬಾರದು. ಬಟ್ಟೆಯ ಒಂದು ತುದಿ ಸಿಕ್ಕಿದರೆ ಕೈಯನ್ನೇ ಒಳಗೆ ಎಳೆಯುತ್ತದೆ, ಸುಬ್ಬಿಯ ಜಡೆಯ ಹಾಗೇ. ಸಿಬಿರಿನ ಹಲಗೆ ಹೊರುವಾಗ ಮಾತ್ರ ಗ್ಲೌಸ್. ಮಳೆಗಾಲದಲ್ಲಿ ಹವಾಯಿ ಚಪ್ಪಲಿ ಹಾಕಿಕೊಂಡು ಬಂದವರಿಗೆ ಅವತ್ತು ಬರೀ ಅಳತೆ, ಗೆರೆ ಹಾಕುವ ಕೆಲಸ.

ಇನ್ನು ಮರ ಹಿಡಿಯುವ ವಿಷಯ. ನಮ್ಮದು ಗುಡಿಗಾರರ ಊರು. ಗಂಧದ ಕೆತ್ತನೆ ಮಾಡುವ ಹಿರಿಯರೊಬ್ಬರನ್ನು ಶಾಲೆಗೆ ಕರೆಸಿದ್ದೆ. ನೆಲದ ಮೇಲೆ ಕೂತು, ತುಂಡನ್ನು ಪಾದದ ನಡುವೆ ಹಿಡಿದು, ಉಳಿ ಆಡಿಸಿದರು. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಮುಂದಿನ ವಾರ ಒಬ್ಬ ಮಾಣಿ ಹಲಗೆಯನ್ನು ಕಾಲಲ್ಲಿ ಒತ್ತಿ ಹಿಡಿದು ಡ್ರಿಲ್ ಎತ್ತಿದ. ಕೈ ಹಿಡಿದು ನಿಲ್ಲಿಸಿದೆ. "ಆ ಅಜ್ಜ ಹಿಂಗೇ ಹಿಡ್ಕಂಡಿದ್ರಲ್ಲ ಅಕ್ಕೋರೇ!"

ಅವನ ಮಾತಿನಲ್ಲಿ ನ್ಯಾಯ ಇತ್ತು. ಆದರೆ ಉಳಿ ಕೊಡತಿಯ ಏಟು ಬಿದ್ದಷ್ಟೇ ಹೋಗುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ. ಡ್ರಿಲ್ ಹಾಗಲ್ಲ. ಬಿಟ್ ಹಲಗೆಯ ಆಚೆ ಬದಿಗೆ ತೂರುತ್ತದಲ್ಲ, ಆ ಗಳಿಗೆಯಲ್ಲೇ ಅದು ಮರವನ್ನು ಕಚ್ಚಿ ಹಿಡಿಯುವುದು. ಹಲಗೆ ಸಡಿಲ ಇದ್ದರೆ ಹಲಗೆಯೇ ಗಿರ್ರನೆ ತಿರುಗಿ ಬೆರಳಿಗೆ, ಮಣಿಕಟ್ಟಿಗೆ ಹೊಡೆಯುತ್ತದೆ. ಅದಕ್ಕೇ ನಮ್ಮಲ್ಲಿ ಎರಡು ಸಿ ಕ್ಲಾಂಪ್ ಬಿಗಿಯದೆ ಟ್ರಿಗರ್ ಮುಟ್ಟುವ ಹಾಗಿಲ್ಲ. ಒಂದೇ ಕ್ಲಾಂಪ್ ಆದರೆ ಅದನ್ನೇ ಗೂಟ ಮಾಡಿಕೊಂಡು ಹಲಗೆ ಸುತ್ತುತ್ತದೆ. ಅಡಿಗೆ ಒಂದು ಬೇಡದ ಪ್ಲೈವುಡ್ ತುಂಡು. ಬ್ಯಾಟರಿ ಡ್ರಿಲ್ಲಿನ ಕ್ಲಚ್ ಕಡಿಮೆ ನಂಬರಿಗೆ ಇಟ್ಟರೆ, ಬಿಗಿಯಾದ ಕೂಡಲೇ ಕಟಕಟ ಅಂತ ಜಾರುತ್ತದೆ, ಕೈ ತಿರುಚುವುದಿಲ್ಲ. ಸ್ಕ್ರೂ ಹಾಕಲಿಕ್ಕೆ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಮಳೆಗಾಲ ಬಂತೆಂದರೆ ನಮ್ಮ ಕಡೆ ಬೇರೆಯೇ ಕಥೆ. ಕರೆಂಟ್ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ವೈರಿನ ಡ್ರಿಲ್ಲಿಗೆ, ಜಿಗ್‌ಸಾಗೆ ಟ್ರಿಗರ್ ಪಕ್ಕ ಲಾಕ್ ಗುಂಡಿ ಇರುತ್ತದೆ. ಅದು ಒತ್ತಿದ್ದಾಗಲೇ ಕರೆಂಟ್ ಹೋಯಿತು ಅನ್ನಿ. ಹುಡುಗ ಮಷಿನ್ನನ್ನು ಬೆಂಚಿನ ಮೇಲಿಟ್ಟು ಕಿಟಕಿಯ ಹತ್ತಿರ ಹರಟೆಗೆ ಹೋಗುತ್ತಾನೆ. ಹತ್ತು ನಿಮಿಷ ಬಿಟ್ಟು ಕರೆಂಟ್ ಬಂದರೆ ಮಷಿನ್ ತಾನೇ ಎದ್ದು ಕುಣಿಯುತ್ತದೆ. ಅದಕ್ಕೆ ಲಾಕ್ ಗುಂಡಿ ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ. ಮೇಲಿಂದ, ಕರೆಂಟ್ ಹೋದ ಕೂಡಲೇ ಮಾಡುವ ಮೊದಲ ಕೆಲಸ ಗೋಡೆಯ ಪ್ಲಗ್ಗಿನಿಂದ ಪಿನ್ ಕೀಳುವುದು. ಈಗ ದೀಪ ಹೋದರೆ ಸಾಕು, "ಪಿನ್ನೋ!" ಅಂತ ಇಡೀ ಕ್ಲಾಸ್ ಕೂಗುತ್ತದೆ. ಬಿಟ್, ಬ್ಲೇಡ್ ಬದಲಿಸುವಾಗಲೂ ಅಷ್ಟೇ: ಪಿನ್ ಹೊರಗೆ ಅಥವಾ ಬ್ಯಾಟರಿ ಹೊರಗೆ. ನೆಲ ಗೋಡೆ ಎಲ್ಲಾ ತಂಡಿ ಹಿಡಿಯುವ ಊರು ನಮ್ಮದು, ಹಾಗಾಗಿ ಕೋಣೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿದ್ದೇವೆ. ಕರೆಂಟ್ ಮೈಗೆ ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ಲೈನ್ ಕಡಿಯುತ್ತದೆ. ಅದರ ಟೆಸ್ಟ್ ಗುಂಡಿ ಒತ್ತಿ ನೋಡುವುದು ಪ್ರತಿ ತಿಂಗಳೂ ಒಬ್ಬೊಬ್ಬರ ಪಾಳಿ.

ಇಷ್ಟೆಲ್ಲಾ ಮಕ್ಕಳು ಕಲಿಯುತ್ತಾರೆ, ನಿಜವಾಗಿಯೂ ಕಲಿಯುತ್ತಾರೆ. ಕಟ್ಟು ಮುರಿಯುವವರು ನಾವು. ಶಾಲೆಯ ವಾರ್ಷಿಕೋತ್ಸವ, ನಮ್ಮ ಮಾತಲ್ಲಿ ಗ್ಯಾದರಿಂಗ್, ನಾಲ್ಕು ದಿನ ಇದೆ ಅನ್ನುವಾಗ ಸ್ಟೇಜಿಗೆ ಸಿಂಹಾಸನ ಬೇಕು, ಬಾಗಿಲು ಬೇಕು, "ಹತ್ತನೆಯವರು ಸಂಜೆ ಕೂತು ಮಾಡಲಿ" ಅಂತ ಹೇಳಿಕಳಿಸುತ್ತಾರೆ. ಸಂಜೆ ಮಕ್ಕಳು ದಣಿದಿರುತ್ತಾರೆ, ಬೆಳಕು ಕಡಿಮೆ, ಜೊತೆಗೆ ಯಾರೂ ಇರುವುದಿಲ್ಲ. ನಾನು ಕೋಣೆಗೆ ಬೀಗ ಹಾಕಿ ಕೀಲಿ ಮನೆಗೆ ತರುತ್ತೇನೆ. ಸಿಂಹಾಸನಕ್ಕೆ ಪ್ಲಾಸ್ಟಿಕ್ ಕುರ್ಚಿ, ಮೇಲೊಂದು ಜರಿ ಸೀರೆ. ಪ್ರೇಕ್ಷಕರು ಏನೂ ಅನ್ನಲಿಲ್ಲ.

2020ರ ಶಿಕ್ಷಣ ನೀತಿಯಲ್ಲಿ 6ರಿಂದ 8ನೇ ಕ್ಲಾಸಿನವರಿಗೆ ಹತ್ತು ದಿನ ಬ್ಯಾಗಿಲ್ಲದ ಕಲಿಕೆ ಅಂತ ಇದೆ. ಬಡಗಿ, ಕುಂಬಾರ, ತೋಟದ ಕೆಲಸದವರ ಹತ್ತಿರ ಹೋಗಿ ಕಲಿಯುವುದು. ನನಗಂತೂ ಬಹಳ ಇಷ್ಟವಾದ ಮಾತು. ಆದರೆ ಆಚಾರಿಯ ಶೆಡ್ಡಿಗೆ ಮಕ್ಕಳನ್ನು ಕಳಿಸುವ ಮೊದಲು ಮಾಸ್ತರು ಒಮ್ಮೆ ಹೋಗಿ ನೋಡಿ ಬರಬೇಕು. ಅವರಿಗೆ ಆರ್ಡರ್ ಮುಗಿಸುವ ಗಡಿಬಿಡಿ ಇರುತ್ತದೆ, ತಪ್ಪೇನಲ್ಲ. ಮಕ್ಕಳು ಇರುವಷ್ಟು ಹೊತ್ತು ಮಷಿನ್ ಬಂದ್, ರಂದಾ ಮತ್ತು ಉಳಿ ಮಾತ್ರ ಅಂತ ಮೊದಲೇ ಮಾತಾಡಿಕೊಂಡರೆ ಆಯಿತು.

ಧೂಳಿನ ಬಗ್ಗೆ ಜನ ತಲೆಕೆಡಿಸಿಕೊಳ್ಳುವುದೇ ಇಲ್ಲ. ಮರದ ಧೂಳಿನಿಂದ ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1995ರಲ್ಲೇ ಹೇಳಿದೆ. ಸ್ಯಾಂಡರ್ ಕೆಲಸ ನಾವು ಜಗಲಿಯಲ್ಲಿ, ಎನ್95 ಮಾಸ್ಕ್ ಹಾಕಿಕೊಂಡು ಮಾಡುತ್ತೇವೆ. ಬೀಟೆ ಉಜ್ಜಿಸುವುದೇ ಇಲ್ಲ, ಕೆಲವರಿಗೆ ಮೈ ತುರಿಕೆ ಬರುತ್ತದೆ. ಹೊಟ್ಟನ್ನು ಬಾಯಲ್ಲಿ ಊದುವ ಹಾಗಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ನಮಗೆ ಮರ ಬರುವುದು ಹೆಚ್ಚಾಗಿ ಹಳೇ ಹೆಂಚಿನ ಮನೆ ಕೆಡವಿದವರಿಂದ. ಹೆಂಚು ಹೊರುವ ಸಾಗವಾನಿ ಪಕಾಸಿ, ರೀಪು, ಒಣಗಿ ಗಟ್ಟಿಯಾದದ್ದು. ಆದರೆ ಒಳಗೆ ಮುರಿದ ಮೊಳೆ ಇರುತ್ತದೆ, ಬ್ಲೇಡಿಗೆ ಸಿಕ್ಕಿದರೆ ಚೂರು ನೇರ ಮುಖಕ್ಕೆ. ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ, ಹಲಗೆಯ ನಾಲ್ಕೂ ಬದಿ ಆಡಿಸುತ್ತಾ ಹೋಗುತ್ತೇವೆ. ಅದು ವಾಲಿದ ಕಡೆ ಸೀಮೆಸುಣ್ಣದ ಗುರುತು. 8ನೆಯವರಿಗೆ ಈ ಕೆಲಸ ಅಂದ್ರೆ ಪ್ರಾಣ, ಯಾರು ಜಾಸ್ತಿ ಮೊಳೆ ಹಿಡಿದರು ಅಂತ ಪಂತ ಬೇರೆ. ಶಿರಸಿ, ಸಿದ್ದಾಪುರ ಕಡೆ ಯಾರಾದರೂ ಈ ಬೇಸಿಗೆಯಲ್ಲಿ ಮನೆ ಬಿಚ್ಚುವವರಿದ್ದರೆ ಹತ್ತಿರದ ಶಾಲೆಗೆ ನಾಲ್ಕು ಪಕಾಸಿ ಕೊಡಿ. ಮೊಳೆ ನೀವು ಕೀಳಬೇಕಾಗಿಲ್ಲ, ಅದಕ್ಕೆ ಜನ ಇದ್ದಾರೆ.